ಕಾಣದ ಲೆಕ್ಕ: ಹಳೆಯ ಕಂಪ್ಯೂಟರ್ ಆಟವೊಂದರ ನೆನಪು

ಕಳೆದುಹೋದ ಕಾಲವನ್ನು ನೆನೆಯುವಾಗ ಮನುಷ್ಯನು ಸಾಮಾನ್ಯವಾಗಿ ಹುಟ್ಟೂರನ್ನು, ಹಳೆಯ ಹಾಡುಗಳನ್ನು, ತಾಯಿಯ ಕೈಯಡುಗೆಯನ್ನು ನೆನೆಯುತ್ತಾನೆ. ಆದರೆ 1980ರ ದಶಕದಲ್ಲಿ ಅಮೆರಿಕದಲ್ಲಿ ಬಾಲ್ಯವನ್ನು ಕಳೆದು, ಇಂದು ಐವತ್ತರ ಆಸುಪಾಸಿನಲ್ಲಿರುವ ಅನೇಕರು ಒಂದು ಕಂಪ್ಯೂಟರ್ ಆಟವನ್ನು ಅಷ್ಟೇ ಅಕ್ಕರೆಯಿಂದ ಸ್ಮರಿಸುತ್ತಾರೆ. ಅದರ ಹೆಸರು 'ಅಲ್ಟಿಮಾ 4'. ಮಕ್ಕಳ ಕೈಯಲ್ಲಿರುವ ಮೊಬೈಲನ್ನು ಕಂಡು ಚಿಂತಿಸುವ ತಂದೆತಾಯಿಗಳು ಈ ಆಟದ ಚರಿತ್ರೆಯನ್ನು ತಿಳಿಯುವುದು ಒಳ್ಳೆಯದು.

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು 'ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್' ಎಂಬ ಆಟವನ್ನು ಪ್ರಕಟಿಸಿದರು. ಗೆಳೆಯರು ಮೇಜಿನ ಸುತ್ತ ಕುಳಿತು, ಒಬ್ಬನು ಯೋಧ, ಒಬ್ಬನು ಮಾಂತ್ರಿಕ ಎಂಬಂತೆ ಪಾತ್ರ ವಹಿಸಿ, ದಾಳ ಉರುಳಿಸಿ ಕಥೆಯನ್ನು ಬೆಳೆಸುವ ಆಟವದು. 1977ರಲ್ಲಿ 'ಆ್ಯಪಲ್ 2' ಕಂಪ್ಯೂಟರ್ ಮಾರುಕಟ್ಟೆಗೆ ಬಂದ ಮೇಲೆ ಈ ಬಗೆಯ ಆಟಗಳು ಮನೆಯ ಕಂಪ್ಯೂಟರನ್ನೂ ಪ್ರವೇಶಿಸಿದವು. 1981ರಲ್ಲಿ 'ವಿಜಾರ್ಡ್ರಿ' ಮತ್ತು ಮೊದಲ 'ಅಲ್ಟಿಮಾ' ಹೊರಬಂದವು. ಆ ಕಂಪ್ಯೂಟರಿನ ಒಂದು ಫ್ಲಾಪಿಯ ಒಂದು ಬದಿಯಲ್ಲಿ ಹಿಡಿಸುತ್ತಿದ್ದುದು ಸುಮಾರು 140 ಕಿಲೋಬೈಟ್ ಮಾತ್ರ. ಇಂದು ಮೊಬೈಲಿನಲ್ಲಿ ತೆಗೆಯುವ ಒಂದು ಛಾಯಾಚಿತ್ರಕ್ಕೂ ಅದು ಸಾಲದು. ಪರದೆಯ ಮೇಲೆ ಕೆಲವು ಗೆರೆಗಳು ಮತ್ತು ಚುಕ್ಕೆಗಳಷ್ಟೇ ಮೂಡುತ್ತಿದ್ದವು. ಉಳಿದುದನ್ನು ಆಡುವವನ ಕಲ್ಪನೆಯೇ ತುಂಬಬೇಕಾಗಿತ್ತು. ಮಕ್ಕಳು ಗ್ರಾಫ್ ಹಾಳೆಗಳ ಮೇಲೆ ಪೆನ್ಸಿಲಿನಿಂದ ನೆಲಮಾಳಿಗೆಗಳ ನಕ್ಷೆಯನ್ನು ತಾವೇ ಬರೆದುಕೊಳ್ಳುತ್ತಿದ್ದರು.

'ಅಲ್ಟಿಮಾ' ಸರಣಿಯ ಕರ್ತೃ ರಿಚರ್ಡ್ ಗ್ಯಾರಿಯಟ್. ಆತನ ತಂದೆ ಓವನ್ ಗ್ಯಾರಿಯಟ್ 1973ರಲ್ಲಿ ಸ್ಕೈಲ್ಯಾಬ್‌ನಲ್ಲಿ ವಾಸಿಸಿದ ಗಗನಯಾತ್ರಿ. ಮಗನೂ 2008ರಲ್ಲಿ ಬಾಹ್ಯಾಕಾಶಕ್ಕೆ ಹೋಗಿಬಂದನು. ಟೆಕ್ಸಾಸಿನಲ್ಲಿ ಬೆಳೆದ ಈ ಯುವಕ ಇಪ್ಪತ್ತು ತುಂಬುವ ಮೊದಲೇ ತನ್ನ ಮೊದಲ ಆಟವನ್ನು ಬರೆದಿದ್ದನು. 1983ರಲ್ಲಿ ಸ್ವಂತ ಸಂಸ್ಥೆಯನ್ನು ಆರಂಭಿಸಿದ ಮೇಲೆ ಆಟಗಾರರ ಪತ್ರಗಳು ನೇರವಾಗಿ ಅವನ ಕೈಸೇರತೊಡಗಿದವು. ಇಂಥ ಆಟಗಳು ಮಕ್ಕಳನ್ನು ದುಷ್ಟಶಕ್ತಿಗಳತ್ತ ಸೆಳೆಯುತ್ತವೆಂಬ ಭಯ ಅಂದು ಅಮೆರಿಕದ ಅನೇಕ ಭಕ್ತಿವಂತ ಕುಟುಂಬಗಳಲ್ಲಿ ಹಬ್ಬಿತ್ತು. ಕೆಲವು ಪತ್ರಗಳು ಅವನನ್ನು ಕಟುವಾಗಿ ದೂಷಿಸಿದವು. ಆದರೆ ಅವನನ್ನು ಹೆಚ್ಚು ಕಾಡಿದ್ದು ಬೇರೊಂದು ಸಂಗತಿ: ತನ್ನ ಹಿಂದಿನ ಆಟಗಳಲ್ಲಿ ಗೆಲ್ಲುವ ಸುಲಭದ ದಾರಿಯೆಂದರೆ ಅಂಗಡಿಯಲ್ಲಿ ಕದಿಯುವುದು, ನಿರಪರಾಧಿ ಊರಿನವರನ್ನು ಕೊಂದು ಹಣ ದೋಚುವುದು! ದುಷ್ಟನನ್ನು ಸಂಹರಿಸಿದವನೇ 'ನಾಯಕ' ಎನಿಸಿಕೊಳ್ಳುತ್ತಿದ್ದನು. ಅವನು ಯಾವ ದಾರಿಯಲ್ಲಿ ಬಂದನೆಂದು ಕೇಳುವವರಿರಲಿಲ್ಲ.

1985ರಲ್ಲಿ ಬಂದ 'ಅಲ್ಟಿಮಾ 4' ಈ ಪ್ರಶ್ನೆಗೆ ಉತ್ತರವಾಗಿತ್ತು. ಇದರಲ್ಲಿ ಕೊನೆಗೆ ಕೊಲ್ಲಬೇಕಾದ ಮಹಾಶತ್ರುವಿಲ್ಲ. ಪ್ರಾಮಾಣಿಕತೆ, ಕರುಣೆ, ಶೌರ್ಯ, ನ್ಯಾಯ, ತ್ಯಾಗ, ಮರ್ಯಾದೆ, ಆಧ್ಯಾತ್ಮಿಕತೆ, ದೀನತೆ ಎಂಬ ಎಂಟು ಸದ್ಗುಣಗಳನ್ನು ರೂಢಿಸಿಕೊಂಡು 'ಅವತಾರ್' ಆಗುವುದೇ ಗುರಿ. ನಮ್ಮ ನಾಡಿನ ಸಂಸ್ಕೃತ ಪದವೊಂದು ಹೀಗೆ ಟೆಕ್ಸಾಸಿನ ಯುವಕನ ಆಟದ ಶೀರ್ಷಿಕೆಯನ್ನು ಸೇರಿತು.

ಆಟದ ಆರಂಭದಲ್ಲಿ ಕಣಿ ಹೇಳುವ ಹೆಂಗಸೊಬ್ಬಳು ಏಳು ಪ್ರಶ್ನೆಗಳನ್ನು ಕೇಳುತ್ತಾಳೆ. ಪ್ರತಿಯೊಂದರಲ್ಲೂ ಎರಡು ಸದ್ಗುಣಗಳ ನಡುವೆ ಒಂದನ್ನು ಆರಿಸಬೇಕು. ಕೆಡುಕನ್ನು ಬಿಟ್ಟು ಒಳಿತನ್ನು ಆರಿಸುವುದು ಸುಲಭ. ಎರಡು ಒಳಿತುಗಳ ನಡುವೆ ಆರಿಸುವುದೇ ಕಷ್ಟ. ದೀನತೆಯನ್ನು ಆರಿಸಿದವನಿಗೆ ದೊರೆಯುವುದು ಆಟದಲ್ಲಿಯೇ ಅತ್ಯಂತ ದುರ್ಬಲವಾದ ಕುರುಬನ ಪಾತ್ರ. ಅವನ ಪಯಣ ಮಜಿನ್ಸಿಯ ಎಂಬ ಪಾಳುಬಿದ್ದ ನಗರದ ಬಳಿಯಲ್ಲಿ ಆರಂಭವಾಗುತ್ತದೆ. ಅಹಂಕಾರದಿಂದಲೇ ಹಾಳಾದ ನಗರವದು.

ಊರುಗಳಲ್ಲಿ ಗಿಡಮೂಲಿಕೆ ಮಾರುವ ಅಂಧ ಸ್ತ್ರೀಯರಿದ್ದಾರೆ. ಬೆಲೆಯನ್ನು ಅವರು ಹೇಳುತ್ತಾರೆ; ನಾಣ್ಯಗಳನ್ನು ಎಣಿಸಿ ಇಡುವವನು ಆಟಗಾರ. ಕಡಿಮೆ ಇಟ್ಟರೂ ಮೂಲಿಕೆ ದೊರೆಯುತ್ತದೆ, ಯಾರೂ ಗದರಿಸುವುದಿಲ್ಲ. ಆದರೆ ಕಂಪ್ಯೂಟರ್ ಮೌನವಾಗಿ ಬರೆದಿಟ್ಟುಕೊಳ್ಳುತ್ತದೆ. ಭಿಕ್ಷುಕನಿಗೆ ಕೊಟ್ಟ ನಾಣ್ಯ, ಗಾಯಾಳುಗಳಿಗಾಗಿ ಕೊಟ್ಟ ರಕ್ತ, ಜಂಬದ ಒಂದು ಮಾತು, ಎಲ್ಲವೂ ಆ ಲೆಕ್ಕಕ್ಕೆ ಸೇರುತ್ತವೆ. ಬಹಳ ದಿನಗಳ ನಂತರ ಅರಮನೆಯ ಜ್ಞಾನಿಯನ್ನು ಕಂಡಾಗ ಮಾತ್ರ ತಾನು ಎಷ್ಟು ದೂರ ಸಾಗಿದ್ದೇನೆಂಬುದು ತಿಳಿಯುತ್ತದೆ. ಒಮ್ಮೆ ಗಳಿಸಿದ ಸದ್ಗುಣವನ್ನು ದುರ್ನಡತೆಯಿಂದ ಕಳೆದುಕೊಳ್ಳಲೂಬಹುದು.

ಈ ಯೋಜನೆಯಲ್ಲಿ ಕೊರತೆಯಿರಲಿಲ್ಲವೇ? ಇತ್ತು. ಕರುಣೆಯ ಅಂಕ ಏರಲೆಂದು ಭಿಕ್ಷುಕನಿಗೆ ಒಂದೊಂದೇ ನಾಣ್ಯವನ್ನು ಮತ್ತೆ ಮತ್ತೆ ಕೊಡಲು ಯಾರೂ ಕಲಿಯಬಹುದಿತ್ತು. ಕೈಯ ಕ್ರಿಯೆಯನ್ನು ಯಂತ್ರ ಎಣಿಸೀತು, ಹೃದಯದ ಉದ್ದೇಶವನ್ನು ಎಣಿಸಲಾರದು. ಅಂಕಕ್ಕಾಗಿ ಮಾಡಿದ ದಾನ ದಾನವೇ ಎಂಬ ಪ್ರಶ್ನೆ ಆಟಕ್ಕೆ ಮಾತ್ರ ಸೀಮಿತವಲ್ಲ; ಹೊಗಳಿಕೆಗಾಗಿ ಧರ್ಮಕಾರ್ಯ ಮಾಡುವ ನಮ್ಮೆಲ್ಲರಿಗೂ ಅದು ತಟ್ಟುತ್ತದೆ. ಆದರೂ, ಲೆಕ್ಕದ ವಿಚಾರ ತಿಳಿಯದೆ ಮೊದಲ ಸಲ ಆಡಿದ ಬಾಲಕನ ಅನುಭವವನ್ನು ನಾವು ಅಲ್ಲಗಳೆಯುವಂತಿಲ್ಲ. ಕಣ್ಣಿಲ್ಲದ ವ್ಯಾಪಾರಿಯನ್ನು ವಂಚಿಸಿ, ತಿಂಗಳ ನಂತರ ಅದೇ ತನ್ನ ದಾರಿಗೆ ಅಡ್ಡವಾಗಿರುವುದನ್ನು ಕಂಡಾಗ, 'ಇದು ಬರೀ ಆಟ' ಎಂದು ಹೇಳಿಕೊಳ್ಳುವುದು ಅವನಿಗೆ ಸುಲಭವಾಗಿರಲಾರದು.

ಗ್ಯಾರಿಯಟನ ಸಂಸ್ಥೆಯನ್ನು 1992ರಲ್ಲಿ ದೊಡ್ಡ ಕಂಪನಿಯೊಂದು ಕೊಂಡುಕೊಂಡಿತು. 2004ರಲ್ಲಿ ಅದು ಮುಚ್ಚಿತು. 2011ರಲ್ಲಿ ಈ ಆಟವನ್ನು ಅಂತರ್ಜಾಲದಲ್ಲಿ ಉಚಿತವಾಗಿ ನೀಡಲಾಯಿತು. ಮರಳಿ ಆಡಿದವರಿಗೆ ಚಿತ್ರಗಳು ಒರಟಾಗಿ, ನಡೆ ನಿಧಾನವಾಗಿ ಕಂಡರೆ ಆಶ್ಚರ್ಯವಿಲ್ಲ. ಪೆಟ್ಟಿಗೆಯೊಂದಿಗೆ ಬರುತ್ತಿದ್ದ ಬಟ್ಟೆಯ ನಕ್ಷೆ ಅನೇಕರಲ್ಲಿ ಮಾಸಿಹೋಗಿರಬಹುದು. ಹಾಗಾದರೆ ಅವರ ಹಂಬಲ ಯಾವುದಕ್ಕಾಗಿ? ಯಂತ್ರಕ್ಕಾಗಿ ಮಾತ್ರವೆಂದು ನನಗೆ ತೋರುವುದಿಲ್ಲ. ಯಾರೂ ನೋಡದಿರುವಾಗಲೂ ತನ್ನ ನಡತೆಗೆ ಬೆಲೆಯಿದೆಯೆಂದು ಎಳೆಯ ವಯಸ್ಸಿನಲ್ಲಿ ಒಮ್ಮೆ ಅನಿಸಿತಲ್ಲ, ಆ ಅನಿಸಿಕೆಗಾಗಿಯೂ ಇರಬೇಕು.

ಪ್ರಿಯ ಹೆತ್ತವರೇ, ನಿಮ್ಮ ಮಗು ಎಷ್ಟು ಹೊತ್ತು ಆಡುತ್ತದೆ ಎಂದು ನೀವು ಕೇಳುತ್ತೀರಿ, ಕೇಳಲೇಬೇಕು. ಅದರೊಂದಿಗೆ, ಆ ಆಟ ಮಗುವಿನಲ್ಲಿ ಯಾವುದನ್ನು ಗಮನಿಸುತ್ತದೆ, ಯಾವುದಕ್ಕೆ ಬಹುಮಾನ ಕೊಡುತ್ತದೆ ಎಂದೂ ಕೇಳಿರಿ. ಸಾಧ್ಯವಾದರೆ ಒಂದು ಸಂಜೆ ಮಗುವಿನ ಪಕ್ಕದಲ್ಲಿ ಕುಳಿತು ಆ ಉತ್ತರವನ್ನು ಇಬ್ಬರೂ ಕೂಡಿ ಹುಡುಕಿರಿ.