ವಚನಗಾನದ ಮೇಳವೂ ಹೊಸ ಕಂಠವೂ

ಮಠಗಳ ಉತ್ಸವಗಳಲ್ಲಿ ನೂರಾರು ಕಂಠಗಳು ಏಕಸ್ವರದಿಂದ ವಚನಗಳನ್ನು ಹಾಡುವುದನ್ನು ಕೇಳಿ ಆನಂದಪಡದ ಭಕ್ತರು ವಿರಳ. ಆದರೆ ಅಂಥ ಮೇಳಕ್ಕೆ ಹೊಸದಾಗಿ ಸೇರಿದವನ ಮನಸ್ಸಿನಲ್ಲಿ ಒಂದು ಶಂಕೆಯು ಬಹುಕಾಲ ಉಳಿದಿರುವುದುಂಟು. ಶ್ರುತಿಜ್ಞಾನವಿಲ್ಲದ ತನಗೆ ಹಾಡುವ ಅಧಿಕಾರವುಂಟೆ? ತನ್ನ ಅಪಸ್ವರದಿಂದ ಹಿರಿಯರ ಗಾನವು ಕೆಡಲಾರದೆ? ಈ ಶಂಕೆಯಿಂದಲೇ ಎಷ್ಟೋ ಮಂದಿ ತುಟಿಯನ್ನು ಮಾತ್ರ ಚಲಿಸಿ ಸುಮ್ಮನಾಗುವರು. ಕೆಲವರು ಮೇಳವನ್ನೇ ಬಿಟ್ಟುಹೋಗುವರು. ಆದುದರಿಂದ ಇದಕ್ಕೆ ನಮ್ಮ ಸಮಾಜದ ಚರಿತ್ರೆಯು ಯಾವ ಉತ್ತರವನ್ನು ಕೊಡುವುದೆಂಬುದನ್ನು ವಿಚಾರಿಸುವುದು ಯುಕ್ತವಾಗಿದೆ.

ಆಲೂರು ಸಕಲೇಶಪುರಗಳ ನಡುವಣ ಬಾಳ್ಳುಪೇಟೆಯ ಸುತ್ತಮುತ್ತಲಿನ ಭಕ್ತರಿಗೆ ಈ ಸಂಕೋಚವು ಮತ್ತಷ್ಟು ಹೆಚ್ಚು. ಕಾಫಿ ಏಲಕ್ಕಿಯ ತೋಟಗಳ ನಡುವೆ ಇಲ್ಲಿಯ ಮನೆಗಳು ಒಂದಕ್ಕೊಂದು ದೂರ. ಆಷಾಢ ಶ್ರಾವಣಗಳ ಮಳೆಯಲ್ಲಿ ನೆರೆಮನೆಯ ಭಜನೆಗೆ ಹೋಗುವುದೇ ಪ್ರಯಾಸ. ಕೈಯಲ್ಲಿ ಇಷ್ಟಲಿಂಗವನ್ನು ಹಿಡಿದು ಒಬ್ಬೊಬ್ಬರೇ ಮೆಲ್ಲನೆ ವಚನ ಹೇಳಿಕೊಳ್ಳುವವರಿಗೆ ಸಾವಿರ ಜನರ ನಡುವೆ ಬಾಯಿ ತೆರೆಯುವುದು ಸುಲಭದ ಮಾತಲ್ಲ.

ಹನ್ನೆರಡನೆಯ ಶತಮಾನದಲ್ಲಿ ವಚನವು ಹುಟ್ಟಿದುದೂ ಹೀಗೆ ಒಬ್ಬನ ಮಾತಾಗಿಯೇ. ಅದು ಶರಣನು ತನ್ನ ಆರಾಧ್ಯದೈವದೊಡನೆ ಆಡಿದ ಮಾತು. ಮೇಳಕ್ಕೆಂದು ಕಟ್ಟಿದ ಕೃತಿಯಲ್ಲ. ರಾಗತಾಳಗಳಿಗೆ ಒಗ್ಗುವ ಸ್ವರವಚನಗಳ ಪರಂಪರೆಯು ಬೇರೆಯೇ ಇದೆ. ಬಸವಣ್ಣನವರಾದರೋ ಸಂಗೀತಶಾಸ್ತ್ರದ ಲೆಕ್ಕಾಚಾರಗಳು ತಮಗೆ ತಿಳಿಯವೆಂದೂ, ಮನಸ್ಸು ಒಲಿದ ಬಗೆಯಲ್ಲಿ ಹಾಡುವೆನೆಂದೂ ಒಂದು ವಚನದಲ್ಲಿ ಸ್ಪಷ್ಟವಾಗಿ ತಿಳಿಸಿರುವರು. ಹೊಸಬನಿಗೆ ಇದಕ್ಕಿಂತ ದೊಡ್ಡ ಅಪ್ಪಣೆಪತ್ರ ಬೇಕಿಲ್ಲವೆಂದು ನನ್ನ ಅಭಿಪ್ರಾಯ.

ಆದರೆ ಒಲಿದ ಬಗೆಯಲ್ಲಿ ಎಲ್ಲರೂ ಹಾಡಿದರೆ ಮೇಳವಾಗುವುದು ಹೇಗೆ? ಹಲವರು ಒಟ್ಟಿಗೆ ಹಾಡಬೇಕಾದರೆ ಪಾಠವು ಮೊದಲು ಒಂದೇ ಆಗಬೇಕು. ವಚನಗಳು ತಾಳೆಗರಿಯ ಕಟ್ಟುಗಳಲ್ಲಿ ಮಠಮಠಗಳಲ್ಲಿ ಚದುರಿದ್ದ ಕಾಲದಲ್ಲಿ ಅದು ಸಾಧ್ಯವಿರಲಿಲ್ಲ. ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಅವುಗಳನ್ನು ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಇಂದಿನ ವಚನಗಾನದ ಮೇಳಗಳಿಗೆ ತಳಹದಿಯು ಮುದ್ರಣಯಂತ್ರವೇ ಎಂದರೆ ಅತಿಶಯೋಕ್ತಿಯಾಗದು.

ಪಾಠವು ಬಂದ ಬಳಿಕ ಕಂಠ ಬೇಕಷ್ಟೆ. ಇಲ್ಲಿ ಹಾನಗಲ್ಲ ಕುಮಾರಸ್ವಾಮಿಗಳನ್ನು ಸ್ಮರಿಸದೆ ಮುಂದುವರಿಯುವಂತಿಲ್ಲ. 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಈ ಮಹನೀಯರು ಹುಟ್ಟುಕುರುಡನಾದ ಒಬ್ಬ ಬಾಲಕನಿಗೆ ಸಂಗೀತಶಿಕ್ಷಣವನ್ನು ಕೊಡಿಸಿದರು. ಅವರೇ ಪಂಚಾಕ್ಷರಿ ಗವಾಯಿಗಳು (1892–1944). ಕರ್ನಾಟಕ ಹಿಂದೂಸ್ಥಾನಿ ಪದ್ಧತಿಗಳೆರಡನ್ನೂ ಕರಗತ ಮಾಡಿಕೊಂಡ ಗವಾಯಿಗಳು ಅಂಧರಿಗೂ ಅನಾಥರಿಗೂ ಆಶ್ರಯವಿತ್ತು ವಿದ್ಯೆ ಕಲಿಸಿದರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914–2010) ಆ ಕಾರ್ಯವನ್ನು ಮುಂದುವರಿಸಿದರು, ಅವರೂ ಅಂಧರೇ. ಬಸವರಾಜ ರಾಜಗುರುಗಳೂ ಇದೇ ಗುರುಪರಂಪರೆಯವರು. ಕಣ್ಣಿಲ್ಲದ ಶಿಷ್ಯನು ಪುಸ್ತಕದ ಮರೆಯಲ್ಲಿ ಅಡಗುವಂತಿಲ್ಲ. ಗುರುವು ಒಂದು ಸಾಲನ್ನು ಹಾಡುವನು, ಶಿಷ್ಯನು ಕಿವಿಯಿಂದ ಹಿಡಿದು ಮರಳಿ ಒಪ್ಪಿಸುವನು, ತಪ್ಪಿದರೆ ಮತ್ತೊಮ್ಮೆ. ನಮ್ಮ ಊರುಗಳ ಭಜನೆಗಳಲ್ಲಿಯೂ ಒಬ್ಬರು ಹೇಳಿಕೊಟ್ಟು ಉಳಿದವರು ಹಿಂದೆ ಹೇಳುವ ಕ್ರಮವೇ ಇರುವುದು. ಅಲ್ಲಿ ಅರಿಯದವನೆಂಬುದು ದೋಷವಲ್ಲ, ಅದೊಂದು ಸ್ಥಾನ.

(ಮೇಳಕ್ಕೆ ಶ್ರುತಿ ಹಿಡಿಯುವ ಹಾರ್ಮೋನಿಯಂ ಪರದೇಶದ ಮೂಲದ ವಾದ್ಯ. 1940ರಲ್ಲಿ ಬಾನುಲಿಯವರು ಅದಕ್ಕೆ ಬಹಿಷ್ಕಾರ ಹಾಕಿದರು. 1971ರಲ್ಲಿಯೇ ಆ ನಿರ್ಬಂಧವು ಸಡಿಲವಾದುದು. ಭಜನೆಯವರು ಮಾತ್ರ ಆ ಆಜ್ಞೆಯನ್ನು ಕೇಳಿದಂತೆಯೇ ತೋರುವುದಿಲ್ಲ!)

ಸಮೂಹಗಾನದ ಮಹಾದೃಶ್ಯವನ್ನು ಕಾಣಬೇಕಾದವರು ತುಮಕೂರಿನ ಸಿದ್ಧಗಂಗೆಗೆ ಹೋಗಬೇಕು. 1941ರಲ್ಲಿ ಮಠದ ಅಧಿಕಾರವನ್ನು ವಹಿಸಿ 2019ರ ಜನವರಿ 21ರಂದು ಲಿಂಗೈಕ್ಯರಾದ ಶಿವಕುಮಾರ ಮಹಾಸ್ವಾಮಿಗಳ ಕಾಲದಲ್ಲಿ ಅಲ್ಲಿಯ ವಿದ್ಯಾರ್ಥಿನಿಲಯವು ಸಾವಿರಾರು ಬಾಲಕರಿಗೆ ಜಾತಿಮತಭೇದವಿಲ್ಲದೆ ಅನ್ನವಸತಿಗಳನ್ನು ಒದಗಿಸುವಂತಾಯಿತು. ಬಯಲಿನಲ್ಲಿ ಸಾಲುಸಾಲಾಗಿ ಕುಳಿತು ಅವರೆಲ್ಲರೂ ಸಾಮೂಹಿಕ ಪ್ರಾರ್ಥನೆಯನ್ನು ಮಾಡುವರು. ತಂದೆತಾಯಿಗಳನ್ನು ಬಿಟ್ಟು ಆ ವರ್ಷವೇ ಬಂದ ಬಾಲಕನಿಗೆ ಪಕ್ಕದವನ ಕಂಠವೇ ಗುರು. ಅಷ್ಟು ಸಾವಿರ ಸ್ವರಗಳಲ್ಲಿ ಅವನ ತಪ್ಪೊಂದು ಕೇಳಿಸುವುದಿಲ್ಲ. ಆದರೆ ಅವನಿಗೆ ಅದು ಕೇಳಿಸುವುದು, ಕೇಳಿಸಿದಷ್ಟೂ ತಿದ್ದಿಕೊಳ್ಳುವನು.

ಮೇಳಗಳನ್ನು ನಡೆಸುವವರಿಗೆ ಎರಡು ಮಾತುಗಳನ್ನು ವಿಜ್ಞಾಪಿಸುವೆನು. ಹೊಸಬರನ್ನು ಹಿಂದಿನ ಸಾಲಿನಲ್ಲಿ ಒಟ್ಟಾಗಿ ಕೂರಿಸುವ ಪದ್ಧತಿಯು ಸರಿಯಲ್ಲ. ಧ್ವನಿವರ್ಧಕವು ಮುಂದಿನ ನಾಲ್ವರ ಎದುರಿಗೆ ಮಾತ್ರ ಇರುವ ಈ ಕಾಲದಲ್ಲಿ ಹಿಂದಿನವರು ಮೂಕರಾಗುವುದು ಸಹಜವೇ. ಇಬ್ಬರು ಹಳಬರ ನಡುವೆ ಒಬ್ಬ ಹೊಸಬನನ್ನು ಕೂರಿಸಿದರೆ ಅವನು ಉಸಿರು ತೆಗೆದುಕೊಳ್ಳುವ ಎಡೆಯನ್ನು ಅಕ್ಕಪಕ್ಕದ ಸ್ವರಗಳು ತುಂಬುವುವು. ಎರಡನೆಯದಾಗಿ, ಮೊದಲ ದಿನವೇ ಇಡೀ ವಚನವನ್ನು ಅವನಿಂದ ಅಪೇಕ್ಷಿಸಬಾರದು. ಕೂಡಲಸಂಗಮದೇವ, ಚೆನ್ನಮಲ್ಲಿಕಾರ್ಜುನ, ಗುಹೇಶ್ವರ ಮೊದಲಾದ ಅಂಕಿತಗಳು ನಮ್ಮ ಮಲೆನಾಡಿನ ಮಕ್ಕಳಿಗೂ ತಿಳಿದವೇ. ವಚನದ ಕೊನೆಗೆ ಅಂಕಿತವು ಬಂದಾಗ ಅವನು ಧ್ವನಿಗೂಡಿಸಲಿ. ಮುಂದಿನ ವಾರ ಅದರ ಹಿಂದಿನ ಸಾಲು, ಅದರ ಮುಂದಿನ ವಾರ ಮತ್ತೊಂದು; ಹೀಗೆ ಕೊನೆಯಿಂದ ಮೊದಲಿಗೆ ಕಲಿತು ಶ್ರಾವಣವು ಮುಗಿಯುವುದರೊಳಗಾಗಿ ಒಂದು ವಚನವು ಅವನದಾಗುವುದು.