ಗಮಕ ಜೇಬಿಗಿಳಿದ ಬಗೆ

ಕೇಳುವ ಪುಸ್ತಕ ಕನ್ನಡಿಗರಿಗೆ ಹೊಸದಲ್ಲ. ದೇವಸ್ಥಾನದ ಮಂಟಪದಲ್ಲೋ ಊರ ಹಿರಿಯರ ಮನೆಯ ಜಗಲಿಯಲ್ಲೋ ಒಬ್ಬರು ಕುಮಾರವ್ಯಾಸ ಭಾರತವನ್ನು ರಾಗವಾಗಿ ವಾಚಿಸುವುದು, ಪಕ್ಕದಲ್ಲಿ ಕುಳಿತ ಇನ್ನೊಬ್ಬರು ಅರ್ಥ ಬಿಡಿಸಿ ಹೇಳುವುದು, ಅಕ್ಷರ ಬಾರದವರೂ ಪದ್ಯಗಳನ್ನು ಬಾಯಿಪಾಠ ಮಾಡಿಕೊಂಡು ಮನೆಗೆ ಹೋಗುವುದು - ಗಮಕವೆಂಬ ಈ ಪದ್ಧತಿ ಕನ್ನಡದ ಅಚ್ಚಿನ ಮೊಳೆಗಿಂತ ಹಳೆಯದು. ಆದ್ದರಿಂದಲೇ ಕ್ಯಾಸೆಟ್ ಬಂದಾಗ ಗಮಕ ಕ್ಯಾಸೆಟ್ಟಿಗೂ, ಸಿ.ಡಿ. ಬಂದಾಗ ಸಿ.ಡಿ.ಗೂ ಸಲೀಸಾಗಿ ಹತ್ತಿತು. ತೊಡಕು ಬಂದಿರುವುದು ಇಳಿಸುವುದರಲ್ಲಿ. ಮೈಸೂರಿನ ಎಷ್ಟೋ ಮನೆಗಳ ಷೋಕೇಸಿನಲ್ಲಿ ಗಮಕದ, ಹರಿಕಥೆಯ ಸಿ.ಡಿ.ಗಳು ಇವೆ; ಹಾಕಿ ಕೇಳೋಣವೆಂದರೆ ಯಂತ್ರವಿಲ್ಲ. ಹೊಸ ಲ್ಯಾಪ್‌ಟಾಪುಗಳಲ್ಲಿ ಅದರ ಗೂಡನ್ನೇ ತೆಗೆದುಹಾಕಿದ್ದಾರೆ.

ಧ್ವನಿಯನ್ನು ಕಳೆದುಕೊಳ್ಳುವುದು ಈ ಊರಿಗೆ ಮೊದಲ ಅನುಭವವೇನಲ್ಲ. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ 30 ವಾಟ್ ಶಕ್ತಿಯ ಪುಟ್ಟ ಪ್ರೇಷಕದ ಮೂಲಕ ಬಾನುಲಿ ಪ್ರಸಾರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಅದರ ಹೆಸರು ಮುಂದೆ ಇಡೀ ದೇಶದ ರೇಡಿಯೊಗೆ ಬಂತು. ಅದಕ್ಕೆ ಕೆಲವೇ ವಾರ ಮೊದಲು, ಅದೇ ಆಗಸ್ಟಿನಲ್ಲಿ, ಬರ್ಲಿನ್ನಿನ ರೇಡಿಯೊ ಪ್ರದರ್ಶನದಲ್ಲಿ ‘ಮ್ಯಾಗ್ನೆಟೊಫೋನ್’ ಎಂಬ ಟೇಪ್ ರೆಕಾರ್ಡರನ್ನು ಜನರ ಮುಂದೆ ಇಟ್ಟಿದ್ದರು. ಮೈಸೂರಿನ ಆ ಮನೆಗೆ ಅಂಥ ಯಂತ್ರ ಎಲ್ಲಿಂದ ಬರಬೇಕು? ಮೈಕಿನ ಮುಂದೆ ಓದಿದ್ದು ಆ ಸಂಜೆಗೇ ಮುಗಿಯಿತು.

1982ರಲ್ಲಿ ಜಪಾನಿನ ಅಂಗಡಿಗಳಿಗೆ ಬಂದ ಸಿ.ಡಿ. ಸಂಗೀತಕ್ಕಾಗಿ ಹುಟ್ಟಿದ್ದು. ಅದು ಧ್ವನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆದು ಅಂಕಿಗಳಾಗಿ ಬರೆದಿಡುತ್ತದೆ. ನಿಮಿಷಕ್ಕೆ ಸುಮಾರು 10 ಎಂ.ಬಿ. ಖರ್ಚು, 74 ನಿಮಿಷಕ್ಕೆ ತಟ್ಟೆ ತುಂಬಿತು. ವೀಣೆಗೆ ಈ ದುಂದುಗಾರಿಕೆ ಒಪ್ಪುತ್ತದೆ, ಒಬ್ಬರ ಓದಿಗೆ ಇಷ್ಟು ಬೇಕಿಲ್ಲ. ಕುಮಾರವ್ಯಾಸನ ಹತ್ತು ಪರ್ವಗಳಲ್ಲಿ ಎಂಟು ಸಾವಿರಕ್ಕೂ ಮಿಕ್ಕಿದ ಪದ್ಯಗಳಿವೆ. ಪದ್ಯಕ್ಕೊಂದು ನಿಮಿಷವೆಂದು ಹಿಡಿದರೂ 8,000 ನಿಮಿಷ, ಅಂದರೆ 108 ಸಿ.ಡಿ. (ವ್ಯಾಖ್ಯಾನ ಸೇರಿದರೆ ಬೀರುವೇ ಬೇಕು!) ಕಿವಿಗೆ ಕೇಳಿಸದ ಭಾಗವನ್ನು ಬಿಟ್ಟು ಧ್ವನಿಯನ್ನು ಕುಗ್ಗಿಸುವ ಎಂ.ಪಿ.3 ವಿಧಾನ 1990ರ ದಶಕದ ಆರಂಭದಲ್ಲಿ ರೂಪುಗೊಂಡಿತು. ಮಾತಿಗೆ ಸಾಕೆನಿಸುವ 64 ಕಿಲೊಬಿಟ್ ಮಟ್ಟದಲ್ಲಿ ಅದೇ 8,000 ನಿಮಿಷ ನಾಲ್ಕು ಜಿ.ಬಿ.ಯೊಳಗೆ, ಉಗುರಿನಷ್ಟಗಲದ ಮೆಮೊರಿ ಕಾರ್ಡಿನಲ್ಲಿ ಮುಗಿಯುತ್ತದೆ.

ಈ ಉಪಾಯದ ಬೆಲೆಯನ್ನು ಬೇಗ ಅರಿತವರಲ್ಲಿ ಕಣ್ಣು ಕಾಣದ ಓದುಗರೂ ಇದ್ದರು. ಮೈಸೂರಿನಲ್ಲಿ ಅಂಧ ಮತ್ತು ಕಿವುಡ ಮಕ್ಕಳ ಶಾಲೆ 1901ರಷ್ಟು ಹಿಂದೆಯೇ ಆರಂಭವಾಗಿತ್ತು. ಬ್ರೈಲಿನಲ್ಲಿ ಸಿಗದ ಪುಸ್ತಕವನ್ನು ಯಾರಾದರೂ ಓದಿ ಹೇಳಬೇಕು, ಇಲ್ಲವೇ ಟೇಪಿಗೆ ಓದಿಕೊಡಬೇಕು. ಟೇಪಿನಲ್ಲಾದರೋ ಏಳನೆಯ ಅಧ್ಯಾಯ ಎಲ್ಲಿದೆ ಎಂದು ಹುಡುಕುವುದೇ ಒಂದು ತಪಸ್ಸು. ಸ್ವೀಡನ್ನಿನಲ್ಲಿ ಮೊಳೆತು, 1996ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟದ ಬೆಂಬಲ ಪಡೆದ ‘ಡೈಸಿ’ ವ್ಯವಸ್ಥೆ ಒಂದೇ ಸಿ.ಡಿ.ಯಲ್ಲಿ 40 ತಾಸಿನ ಓದನ್ನು ತುಂಬಿಸಿ, ಅಧ್ಯಾಯದಿಂದ ಅಧ್ಯಾಯಕ್ಕೆ ನೆಗೆಯಲು ದಾರಿ ಮಾಡಿತು. ಭಾರತ 2012ರಲ್ಲಿ ಹಕ್ಕುಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ತಂದು, ಅಂಗವಿಕಲರಿಗಾಗಿ ಕೃತಿಗಳನ್ನು ಇಂಥ ರೂಪಕ್ಕೆ ತರಲು ಅವಕಾಶ ಕೊಟ್ಟಿತು. ಇದೇ ಉದ್ದೇಶದ 2013ರ ಮರ್‍ರಾಕೆಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶವೂ ನಮ್ಮದೇ.

ಉಳಿದವರ ಪಾಡು ಸ್ವಲ್ಪ ಬೇರೆ. ಕುಮಾರವ್ಯಾಸನ ಕಾವ್ಯಕ್ಕೆ ಹಕ್ಕುದಾರರಿಲ್ಲ. ಅದರ ಧ್ವನಿಮುದ್ರಣಕ್ಕೆ ಇದ್ದಾರೆ. ಮುದ್ರಣದ ಹಕ್ಕು 60 ವರ್ಷ. 1998ರಲ್ಲಿ ಹೊರಬಂದ ಸಿ.ಡಿ.ಯ ಹಕ್ಕು 2058ರ ಕೊನೆಯವರೆಗೆ ಇರುತ್ತದೆ. ಅಲ್ಲಿಯವರೆಗೆ ಆ ಸಿ.ಡಿ.ಯೇ ಇರುತ್ತದೆಯೇ? ಮನೆಯಲ್ಲಿ ಬರೆದುಕೊಂಡ ಸಿ.ಡಿ.ಯಲ್ಲಿ ದಾಖಲೆ ಉಳಿಯುವುದು ಒಂದು ಪದರ ಬಣ್ಣದಲ್ಲಿ. ಬಿಸಿಲು, ಸೆಕೆಗೆ ಅದು ಮಾಸುತ್ತದೆ. ಕಂಪನಿ ಅಚ್ಚೊತ್ತಿದ್ದೂ ಅಲ್ಯೂಮಿನಿಯಂ ಪದರಕ್ಕೆ ಗಾಳಿ ಹೊಕ್ಕರೆ ಕೆಡುತ್ತದೆ. ಮತ್ತೆ ಮಾರುಕಟ್ಟೆಗೆ ಬಾರದ ಮುದ್ರಣಗಳಿಗೆ, ಹಕ್ಕು ಮುಗಿಯುವ ದಿನ ಬರುವ ತನಕ ಕಾವಲು ಮನೆಮನೆಯ ಪ್ರತಿಗಳೇ. ಸ್ವಂತ ಖಾಸಗಿ ಬಳಕೆಯ ನ್ಯಾಯಯುತ ಉಪಯೋಗಕ್ಕೆ ಕಾಯ್ದೆ ಜಾಗ ಬಿಟ್ಟಿದೆ. ಪ್ರತಿ ಮಾಡಿ ಹಂಚುವುದು, ಮಾರುವುದು ಆ ಮಾತಿಗೆ ಸೇರುವುದಿಲ್ಲ.

ಕೆಲಸವೇನೂ ಕಷ್ಟದ್ದಲ್ಲ. ಯು.ಎಸ್.ಬಿ. ತಂತಿಯಲ್ಲಿ ಜೋಡಿಸುವ ಸಿ.ಡಿ. ಡ್ರೈವ್ ಸಿಗುತ್ತದೆ, ಧ್ವನಿ ಇಳಿಸಿಕೊಳ್ಳುವ ತಂತ್ರಾಂಶಗಳೂ ಉಚಿತವಾಗಿವೆ. ಸಿ.ಡಿ.ಯನ್ನು ಒರೆಸುವಾಗ ಸುತ್ತಿಸಿ ಉಜ್ಜದೆ ನಡುವಿನಿಂದ ಅಂಚಿಗೆ ಮೆದು ಬಟ್ಟೆ ಎಳೆಯಬೇಕು. ಬಹಳ ಮಂದಿ ಎಡವುವುದು ಹೆಸರಿಡುವಲ್ಲಿ. ಕೆಲವು ಪ್ಲೇಯರುಗಳು 1 ಆದ ಮೇಲೆ 10ಕ್ಕೆ ಹಾರಿ, ಆಮೇಲೆ 2ಕ್ಕೆ ಬರುತ್ತವೆ. ಹಾಡಾದರೆ ನಡೆದೀತು, ಭಾರತದಲ್ಲಿ ಸತ್ತ ಕರ್ಣ ಮತ್ತೆ ರಥವೇರುತ್ತಾನೆ. 01, 02 ಎಂದು ಆರಂಭಿಸಿ ಪರ್ವ, ಸಂಧಿಗಳ ಹೆಸರು ಬರೆದರೆ ಸರಿಹೋಗುತ್ತದೆ. ಕವಿ ಕಥೆಯನ್ನು ಸಂಧಿಗಳಾಗಿ ಆಗಲೇ ಕತ್ತರಿಸಿ ಕೊಟ್ಟಿದ್ದಾನಲ್ಲ! ಜೊತೆಗೆ ವಾಚಿಸಿದವರ, ವ್ಯಾಖ್ಯಾನ ಮಾಡಿದವರ ಹೆಸರುಗಳನ್ನೂ ಕಡತಕ್ಕೆ ಸೇರಿಸಬೇಕು. ಅವು ಇರುವುದು ಸಿ.ಡಿ.ಯ ಕಾಗದದ ಹೊದಿಕೆಯ ಮೇಲೆ ಮಾತ್ರ. ರದ್ದಿಗೆ ಮೊದಲು ಹೋಗುವುದೂ ಅದೇ.