ದೊಡ್ಡ ಕೋಳಿ, ಸಾಧು ಕೋಳಿ: ಗಿರಿರಾಜ ಬಂದ ದಾರಿ

ಅರಸೀಕೆರೆ ಕಡೆಯವರಾಗಲಿ, ಬೇಲೂರು ಹಳೇಬೀಡು ಕಡೆಯವರಾಗಲಿ, ಹೊಸದಾಗಿ ಕೋಳಿ ಸಾಕೋಕೆ ಹೊರಟವರು ಕೇಳೋದು ಒಂದೇ ಪ್ರಶ್ನೆ. "ಅಣ್ಣ, ಕೋಳಿ ಮೈತುಂಬ ಇರಬೇಕು, ಸಾಧುವಾಗಿರಬೇಕು, ಮಕ್ಕಳು ಹಿಡಿದರೂ ಕುಕ್ಕಬಾರದು. ಯಾವ ತಳಿ ತರಲಿ?" ಒಂದೇ ಸಾಲಲ್ಲಿ ಉತ್ತರ ಹೇಳಬಹುದು. ಆದರೆ ಈ ಆಸೆಗೆ ನೂರೆಪ್ಪತ್ತು ವರ್ಷಕ್ಕೂ ಹಳೆಯ ಚರಿತ್ರೆ ಇದೆ. ಅದು ಗೊತ್ತಿದ್ದರೆ ದುಡ್ಡು ಉಳಿಯುತ್ತೆ. ಅದಕ್ಕೇ ಸ್ವಲ್ಪ ಉದ್ದ ಬರೀತಿದ್ದೀನಿ, ಪುರುಸೊತ್ತಾಗಿ ಓದಿ.

ದೊಡ್ಡದಿದ್ದ ಮಾತ್ರಕ್ಕೆ ಸಾಧು ಅಲ್ಲ. ನಮ್ಮ ದೇಶದ ಅಸೀಲ್ ಕೋಳಿ ನೋಡಿ. ಎತ್ತರದ ಆಳು, ಎದೆ ಅಗಲ, ಮಾಂಸ ಗಟ್ಟಿ. ಆದರೆ ಅದನ್ನ ತಲೆತಲಾಂತರದಿಂದ ಆರಿಸಿಕೊಂಡು ಬಂದಿದ್ದು ಕಾಳಗಕ್ಕೆ. ಎರಡು ಹುಂಜ ಒಂದು ಕಡೆ ಬಿಟ್ಟರೆ ಒಂದು ಉಳಿಯೋದೂ ಕಷ್ಟ. ಹೊಸಬರಿಗೆ ಹೇಳಿದ್ದಲ್ಲ.

ದೊಡ್ಡದೂ ಸಾಧುವೂ ಆದ ಕೋಳಿ ಮೊದಲು ಹೆಸರು ಮಾಡಿದ್ದು 1840ರ ನಂತರ, ಚೀನಾದಿಂದ ಹಡಗಲ್ಲಿ ಇಂಗ್ಲೆಂಡ್, ಅಮೆರಿಕಕ್ಕೆ ಹೋದ ಕೊಚಿನ್ ಮತ್ತು ಬ್ರಹ್ಮ ತಳಿಗಳು. ಬ್ರಹ್ಮ ಅನ್ನೋ ಹೆಸರು ನಮ್ಮ ಬ್ರಹ್ಮಪುತ್ರ ನದಿಯದು. ಹೆಸರು ನಮ್ಮದು, ಕೋಳಿ ಚೀನಾದ್ದು. ಒಂದು ಹುಂಜ ಐದು ಕೆ.ಜಿ. ದಾಟುತ್ತೆ, ಕಾಲ್ಬೆರಳವರೆಗೂ ಗರಿ, ಸ್ವಭಾವ ಬಲು ಮೆತ್ತಗೆ. 1852ರಲ್ಲಿ ಬರ್ನ್‌ಹ್ಯಾಮ್ ಅನ್ನೋ ಅಮೆರಿಕದ ವ್ಯಾಪಾರಿ ವಿಕ್ಟೋರಿಯಾ ರಾಣಿಗೇ ಒಂಬತ್ತು ಬ್ರಹ್ಮ ಕೋಳಿ ಉಡುಗೊರೆ ಕಳಿಸಿದ. ಪತ್ರಿಕೆಗಳಲ್ಲಿ ಚಿತ್ರ ಬಂತು, ಬೆಲೆ ಆಕಾಶಕ್ಕೆ ಹೋಯ್ತು. ಆ ಹುಚ್ಚಿಗೆ ಅಲ್ಲಿನವರೇ 'ಕೋಳಿ ಜ್ವರ' ಅಂತ ಹೆಸರಿಟ್ಟರು. ನಾಲ್ಕೈದು ವರ್ಷದಲ್ಲಿ ಜ್ವರ ಇಳೀತು, ಕೊನೆಗೆ ಕೊಂಡವರ ಕೈಯಲ್ಲಿ ಕೋಳಿ ಉಳೀತು, ದುಡ್ಡು ಉಳೀಲಿಲ್ಲ. 1855ರಲ್ಲಿ ಅದೇ ಬರ್ನ್‌ಹ್ಯಾಮ್ ಆ ಜ್ವರದ ಮೇಲೆ ನಗುತ್ತಾ ಒಂದು ಪುಸ್ತಕ ಬರೆದ!

ಈಗ ಮೊಬೈಲಲ್ಲಿ ಬ್ರಹ್ಮ ಮರಿ ಜೋಡಿ ಅಂತ ಸಾವಿರಗಟ್ಟಲೆ ಹೇಳೋದು ನೋಡಿದಾಗ ಅದೇ ಜ್ವರ ಮತ್ತೆ ಬಂದ ಹಾಗೆ ಕಾಣುತ್ತೆ. ಶೋಕಿಗೆ ಸಾಕೋರು ಸಾಕಲಿ, ಬೇಡ ಅನ್ನಲ್ಲ. ಆದರೆ ಆ ದಪ್ಪ ಗರಿ ಚಳಿ ದೇಶಕ್ಕೆ ಸರಿ. ಬೇಲೂರಿನ ಮಳೆಗಾಲದ ಕೆಸರಲ್ಲಿ ಕಾಲಿನ ಗರಿ ಒಣಗೋದೇ ಇಲ್ಲ, ಅರಸೀಕೆರೆ ಬಿಸಿಲಲ್ಲಿ ಬಾಯಿ ತೆಗೆದು ತೇಕುತ್ತೆ.

ಇನ್ನೊಂದು ದಾರಿ ಬಾಯ್ಲರ್‌ದು. ನಮ್ಮ ಅಸೀಲ್ ಇಂಗ್ಲೆಂಡಿನ ಕಾರ್ನ್‌ವಾಲ್‌ಗೆ ಹೋಗಿ ಅಲ್ಲಿನ ಕೋಳಿ ಜೊತೆ ಸೇರಿ ಕಾರ್ನಿಷ್ ತಳಿ ಆಯ್ತು. ಅಮೆರಿಕದಲ್ಲಿ ಕಾರ್ನಿಷ್ ಹುಂಜವನ್ನ ಪ್ಲಿಮತ್ ರಾಕ್ ಹ್ಯಾಟೆಗೆ ಕೂಡಿಸಿ ಬಾಯ್ಲರ್ ಮಾಡಿದರು. ಅದು ದೊಡ್ಡದೂ ಹೌದು, ಸಾಧುವೂ ಹೌದು. ಆದರೆ ಆರು ವಾರಕ್ಕೆ ಕತ್ತರಿಸೋ ಲೆಕ್ಕದಲ್ಲಿ ಮಾಡಿದ ಕೋಳಿ. ಹಿತ್ತಲಲ್ಲಿ ಬಿಟ್ಟು ವರ್ಷಗಟ್ಟಲೆ ಮೇಯಿಸೋಕೆ ಆಗಲ್ಲ, ಕಾಲೇ ತಡೆಯಲ್ಲ.

ಹಾಗಾದರೆ ನಮ್ಮ ಹಿತ್ತಲಿಗೆ ಏನು? ನಾಟಿಕೋಳಿ ತಾನೇ ಮೇಯುತ್ತೆ, ತಾನೇ ಕಾವು ಕೂರುತ್ತೆ, ಹದ್ದು ಕಂಡರೆ ಪಿಳ್ಳೆಗಳನ್ನ ರೆಕ್ಕೆಯೊಳಗೆ ಎಳ್ಕೊಳ್ಳುತ್ತೆ. ಆದರೆ ವರ್ಷಕ್ಕೆ 60 ಮೊಟ್ಟೆ ಆಸುಪಾಸು, ತೂಕ ಒಂದೂವರೆ ಕೆ.ಜಿ. ಆಗೋಕೇ ತಿಂಗಳುಗಟ್ಟಲೆ ಬೇಕು. ಈ ಕೊರತೆ ತುಂಬೋಕೆ ಅಂತಲೇ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳದ ಕೋಳಿ ವಿಜ್ಞಾನಿಗಳು 1989ರಲ್ಲಿ ಗಿರಿರಾಜ ಕೊಟ್ಟರು. ಬಣ್ಣ ನಾಟಿ ಥರಾನೇ ತರಾವರಿ, ಸಂತೆಯಲ್ಲಿ ಬೆಲೆ ಸಿಗಲಿ ಅಂತ. ಹ್ಯಾಟೆ ಮೂರು ಕೆ.ಜಿ. ತೂಗುತ್ತೆ, ಮೊಟ್ಟೆ ವರ್ಷಕ್ಕೆ 130-150. ಪಶುವೈದ್ಯಕೀಯ ವಿಭಾಗ ಬೀದರ್‌ನ ಹೊಸ ವಿಶ್ವವಿದ್ಯಾಲಯಕ್ಕೆ ಸೇರಿದ ಮೇಲೆ, 2005ರಲ್ಲಿ ಸ್ವರ್ಣಧಾರ ಬಂತು. ಮೊಟ್ಟೆ 180ರ ಮೇಲೆ. ಮೈ ಗಿರಿರಾಜಕ್ಕಿಂತ ಒಂಚೂರು ಹಗುರ, ಹಾಗಾಗಿ ಕಾಡುಬೆಕ್ಕು, ನಾಯಿ ಬಂದರೆ ತಪ್ಪಿಸ್ಕೊಳ್ಳೋದು ಸಲೀಸು.

ಈ ಚರಿತ್ರೆಯಿಂದ ಕಲಿಯೋದು ಇಷ್ಟೇ: ಪ್ರತಿ ತಳಿಯನ್ನೂ ಯಾರೋ ಒಬ್ಬರು ಯಾವುದೋ ಒಂದು ಅಗತ್ಯಕ್ಕೆ ಮಾಡಿದ್ದು. ಒಂದು ಗುಣ ಸೇರಿಸಿದಾಗ ಇನ್ನೊಂದು ಬಿಟ್ಟುಹೋಗುತ್ತೆ. ಗಿರಿರಾಜದಲ್ಲಿ ಮೈ ಬಂತು, ಮೊಟ್ಟೆ ಬಂತು, ಸಾಧುತನ ಬಂತು. ಬಿಟ್ಟುಹೋಗಿದ್ದು ಕಾವು ಕೂರೋದು, ಮತ್ತೆ ನಾಟಿಯ ಚುರುಕು. ಆ ಬಿಟ್ಟುಹೋದ ಕೆಲಸ ಸಾಕುವವರ ಮೇಲೆ ಬೀಳುತ್ತೆ.

ಅದಕ್ಕೇ ಹೊಸಬರಿಗೆ ನಾನು ಹೇಳೋದು. ಇಪ್ಪತ್ತು ಗಿರಿರಾಜ ಅಥವಾ ಸ್ವರ್ಣಧಾರ ಮರಿ ತನ್ನಿ, ಜೊತೆಗೆ ಎರಡು ನಾಟಿ ಹ್ಯಾಟೆ ಇಟ್ಕೊಳ್ಳಿ. ಮರಿಗಳಿಗೆ ತಾಯಿ ಇಲ್ಲ, ಮೊದಲ ಮೂರು ನಾಲ್ಕು ವಾರ ಬಲ್ಬಿನ ಕಾವು ನೀವೇ ಕೊಡಬೇಕು. ಕೊಕ್ಕರೆ ರೋಗಕ್ಕೆ, ಅಂದರೆ ರಾಣಿಖೇತ್‌ಗೆ, ಮೊದಲ ವಾರದಲ್ಲೇ ಲಸೋಟ ಹಾಕಿಸಿ. ಈ ರೋಗ ಬಂದರೆ ಗೂಡಿಗೆ ಗೂಡೇ ಖಾಲಿ. ಭಾರದ ಕೋಳಿ ಮೇಲಿಂದ ಹಾರಿದರೆ ಕಾಲು ನೋಯುತ್ತೆ, ಕೂರೋ ಕೋಲು ತಗ್ಗಿಗೇ ಕಟ್ಟಿ. ಹತ್ತು ಹ್ಯಾಟೆಗೆ ಒಂದು ಹುಂಜ ಸಾಕು. ಹಗಲು ತೆಂಗಿನ ತೋಟಕ್ಕೆ ಬಿಡಿ, ಹುಳಹುಪ್ಪಟೆ ಆರಿಸಿ ತಿನ್ನುತ್ತೆ. ಸಂಜೆ ಬಾಗಿಲು ಹಾಕೋದು ಮರೀಬೇಡಿ.

ಗಿರಿರಾಜದ ಮೊಟ್ಟೆಯನ್ನ ನಾಟಿ ಹ್ಯಾಟೆ ಕೆಳಗೆ ಇಟ್ಟರೆ ಮರಿ ಆಗುತ್ತೆ. ಆದರೆ ಇದು ಮಿಶ್ರತಳಿ, ಮರಿಗಳೆಲ್ಲ ತಾಯಿ ಹಾಗೇ ಬರಲ್ಲ. ಮನೆಗೆ ಸರಿ, ವ್ಯಾಪಾರಕ್ಕೆ ಹೊಸ ಮರಿನೇ ತರಬೇಕು.

ಕೊನೇದಾಗಿ ಒಂದು ಮಾತು. ಬೈಕಿನ ಹಿಂದೆ ಬುಟ್ಟಿ ಕಟ್ಕೊಂಡು ಬಂದು "ಗಿರಿರಾಜ, ಅಗ್ಗ" ಅಂತ ಕೂಗಿದರೆ ಆಸೆಪಡಬೇಡಿ. ಮೊಟ್ಟೆಕೋಳಿ ಹ್ಯಾಚರಿಗೆ ಬೇಡವಾದ ಹುಂಜದ ಮರಿಗಳೂ ಹೀಗೇ ಮಾರಾಟಕ್ಕೆ ಬರ್ತವೆ. ಮೈಯೂ ಬರಲ್ಲ, ಮೊಟ್ಟೆಯಂತೂ ಇಲ್ಲವೇ ಇಲ್ಲ. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ, ಇಲ್ಲ ಹಾಸನದ ಪಶುವೈದ್ಯಕೀಯ ಕಾಲೇಜಲ್ಲಿ ವಿಚಾರಿಸಿ, ಮರಿ ಎಲ್ಲಿಂದ ಬಂತು, ಯಾವ ಲಸಿಕೆ ಆಗಿದೆ ಅಂತ ಕೇಳಿ ತಿಳ್ಕೊಂಡು ತನ್ನಿ. ನಿಮ್ಮಲ್ಲಿ ಯಾರಾದರೂ ಸ್ವರ್ಣಧಾರ ಎರಡು ವರ್ಷ ಸಾಕಿದ್ದರೆ ಮೊಟ್ಟೆ ಲೆಕ್ಕ ಇಲ್ಲಿ ಬರೀರಿ, ಹೊಸಬರಿಗೆ ಉಪಯೋಗ ಆಗುತ್ತೆ.